ಗೋಡೆ ಹೊರಗಿನ ಬಾವಿ

ಆ ನಾಲ್ಕಡಿ ಹಿತ್ತಾಳೆ ದೀಪವನ್ನು ಮೂರನೇ ಸಲ ಜಾಗ ಬದಲಿಸುವಷ್ಟರಲ್ಲಿ ಆಗ್ನೆಸ್ ಬಾಯಿಯ ಸೊಂಟ ಸಾವಿರ ಚೂರಾಗಿತ್ತು. ಮೊದಲು ಸ್ಟೇಜಿನ ಹಿಂದೆ ಇಟ್ಟರು, ಶಾಮಿಯಾನದ ಪರದೆಯ ಮೇಲಿಂದ ಅದರ ತಲೆ ಇಣುಕಿತು. ಕುರ್ಚಿಗಳ ರಾಶಿಯ ನಡುವೆ ತುರುಕಿದರು, ಯಾರೋ ಬಂದು ಕುರ್ಚಿ ಎಳೆದುಕೊಂಡು ಹೋಗಿ ದೀಪ ಪುನಃ ಬಯಲಿಗೆ ಬಂತು. ಈಗ ಚಾದ ಪಾತ್ರೆಯ ಹಿಂದೆ ನಿಲ್ಲಿಸಿ, ಮೇಲೊಂದು ಬೈರಾಸು ಹೊದೆಸಿ, ಸೆರಗಿನಿಂದ ಕುತ್ತಿಗೆ ಒರೆಸಿಕೊಂಡರು. ಬೈರಾಸು ಹೊದ್ದ ದೀಪ ಜ್ವರ ಬಂದು ಮೂಲೆಯಲ್ಲಿ ಕೂತ ಮುದುಕನ ಹಾಗೆ ಕಾಣುತ್ತಿತ್ತು.

"ಅದು ದೀಪ ಬಾಯಮ್ಮ, ಕದ್ದ ಮಾಲಲ್ಲ," ಅಂದಳು ದೇಯಿ.

ದೇಯಿಗೆ ಸಿಟ್ಟು ಬಂದದ್ದರಲ್ಲಿ ತಪ್ಪಿಲ್ಲ. ದೀಪ ಅವಳ ಮನೆಯದ್ದು, ಅವಳ ಅತ್ತೆಯ ಕಾಲದ್ದು. ಮೂರು ದಿನ ಬೀಡಿ ಕಟ್ಟುವ ಸೂಪು ಬದಿಗಿಟ್ಟು, ಹುಣಸೆಹುಳಿ ಹಾಕಿ ತಿಕ್ಕಿ ತಿಕ್ಕಿ, ಬಿಸಿಲಿಗೆ ಇಟ್ಟರೆ ಕೂಳೂರು ಸಂಕದ ಮೇಲೆ ಹೋಗುವ ಲಾರಿಯವನ ಕಣ್ಣಿಗೂ ಕುಕ್ಕುವ ಹಾಗೆ ಮಾಡಿದ್ದಳು. ನಿನ್ನೆ ಸಂಜೆ ಆಗ್ನೆಸ್ ಬಾಯಿ ಬಂದು ದೀಪ ಬೇಡ ಅಂದುಬಿಟ್ಟರು. ಕಾರ್ಯಕ್ರಮಕ್ಕೆ ದೀಪ ಬೇಡ ಅಂತ ಹೇಳಿದವರನ್ನು ದೇಯಿ ತನ್ನ ಅರವತ್ತೆರಡು ವರ್ಷದಲ್ಲಿ ಕಂಡದ್ದಿಲ್ಲ. ಆದರೂ ಹೊತ್ತುಕೊಂಡು ಬಂದಿದ್ದಳು, ಕೊನೆಗಳಿಗೆಯಲ್ಲಿ ಬಾಯಮ್ಮನಿಗೆ ಬುದ್ಧಿ ಬಂದರೆ ಬರಲಿ ಅಂತ.

ಕಾರ್ಯಕ್ರಮ ಇದ್ದದ್ದು ಖತೀಜಮ್ಮನಿಗೆ. ಮೇ ತಿಂಗಳು ಬಂತೆಂದರೆ ಕಾವೂರಿನ ಆ ಓಣಿಯ ನಳ್ಳಿಗಳಲ್ಲಿ ನೀರಿನ ಬದಲು ಶಿಳ್ಳೆ ಬರ್ತದೆ. ಆಗ ಎಲ್ಲರೂ ಕೊಡಪಾನ ಹಿಡಿದು ನಡೆಯುವುದು ಖತೀಜಮ್ಮನ ಬಾವಿಗೆ. ಆ ಬಾವಿ ಅವರ ಕಂಪೌಂಡಿನ ಗೋಡೆಯ ಹೊರಗೆ, ರಸ್ತೆ ಬದಿಯಲ್ಲಿ ಉಂಟು. ಕಾವೂರು, ಬೋಂದೆಲು ಎರಡೂ ಸೇರಿ ಮಿಂದು ಬಟ್ಟೆ ಒಗೆದರೂ ಒಂದು ಗೇಣು ಇಳಿಯುವ ಬಾವಿಯಲ್ಲ. ನಲವತ್ತು ವರ್ಷದಿಂದ ಯಾರು ಬಂದರೂ ಯಾಕೆ ಅಂತ ಕೇಳಿದವರಿಲ್ಲ, ಹೊತ್ತು ಗೊತ್ತು ನೋಡಿದವರಿಲ್ಲ. ಈ ಸಲ ಓಣಿಯ ಸಂಘದವರಿಗೆ, ಅಂದರೆ ಅಧ್ಯಕ್ಷೆ ಆಗ್ನೆಸ್ ಬಾಯಿಗೆ, ಖತೀಜಮ್ಮನನ್ನು ಸನ್ಮಾನಿಸಬೇಕು ಅಂತ ತಲೆಗೆ ಬಂತು. ಬಾವಿಕಟ್ಟೆಗೆ ಒಂದು ಅಮೃತಶಿಲೆಯ ಕಲ್ಲು, ಅದರ ಮೇಲೆ ಖತೀಜಮ್ಮನ ಹೆಸರು, ಅನಾವರಣಕ್ಕೆ ಕಾರ್ಪೊರೇಟರ್.

ಅಲ್ಲಿಂದ ಶುರುವಾಯಿತು ಆಗ್ನೆಸ್ ಬಾಯಿಯ ನಿದ್ದೆಗೇಡು. ಬ್ಯಾರಿಗಳ ಮನೆಯ ಹೆಂಗಸನ್ನು ಸ್ಟೇಜಿಗೆ ಕರೆಸಿ ಏನಾದರೂ ಎಡವಟ್ಟಾದರೆ ಎಂಬ ಹೆದರಿಕೆ. ಅವರ ರಿವಾಜಿಗೆ ಒಂದು ಕೂದಲೆಳೆಯಷ್ಟೂ ನೋವಾಗಬಾರದು ಅಂತ ಮನಸ್ಸಿನಲ್ಲೇ ಆಣೆ ಹಾಕಿಕೊಂಡರು. ಮಂಗಳೂರಿನಲ್ಲಿ ಬಾಯಿ ಇದ್ದ ಎಲ್ಲರನ್ನೂ ಕೇಳಿದರು. ರಿಕ್ಷಾದವನನ್ನು ಕೇಳಿದರು. ಬಲ್ಮಠದ ಕಾಲೇಜಿಗೆ ಹೋಗುವ ಮೊಮ್ಮಗಳು ಮೆಲಿಸಾಳಿಗೆ ಮೊಬೈಲಿನಲ್ಲಿ ಹುಡುಕಲು ಹೇಳಿದರು. ಸ್ಕೂಟರಿನಲ್ಲಿ ಮೀನು ತರುವ ಅರಾಫತನನ್ನು ನಿಲ್ಲಿಸಿ ಕೇಳಿದಾಗ ಅವನು, ಹಾರ ಹಾಕಬಾರದು ಅಂತ ಕಾಣ್ತದೆ ಬಾಯಮ್ಮ, ನನಗೂ ಸರಿ ಗೊತ್ತಿಲ್ಲ, ಬಂಗುಡೆ ಎಷ್ಟು ಹಾಕಲಿ ಅಂದಿದ್ದ. ಒಬ್ಬೊಬ್ಬರು ಒಂದೊಂದು ಹೇಳಿದರು, ಆಗ್ನೆಸ್ ಬಾಯಿ ಒಂದೊಂದನ್ನೇ ತೆಗೆಯುತ್ತಾ ಬಂದರು. ದೀಪ ತೆಗೆದರು. ಪ್ರಾರ್ಥನೆ ಹಾಡು ತೆಗೆದರು. ಹಾರ, ಕುಂಕುಮ ತೆಗೆದರು. ತಲೆವಸ್ತ್ರದ ಮೇಲೆ ಮೈಸೂರು ಪೇಟ ಇಟ್ಟರೆ ಹೇಗೆ ಕಾಣಬಹುದು ಅಂತ ಆಲೋಚಿಸಿ ಅರ್ಧ ಗಂಟೆ ಬೆವತು ಪೇಟವನ್ನೂ ತೆಗೆದರು. ಶಾಲು ಕಾರ್ಪೊರೇಟರ್ ಹೊದೆಸುವುದಲ್ಲ, ಹೆಂಗಸರೇ ಹೊದೆಸುವುದು ಅಂತಾಯಿತು. ಮಧ್ಯಾಹ್ನದ ಬಾಂಗಿಗೆ ಮೊದಲು ಮೈಕ್ ಬಂದ್ ಆಗಬೇಕು ಅಂತಾಯಿತು. ಕಡೆಗೆ ಸ್ವಾಗತ, ಭಾಷಣ, ಧನ್ಯವಾದ ಮೂರೇ ಉಳಿದವು. ಮುಳ್ಳು ತೆಗೆಯಲು ಹೋಗಿ ಬಟ್ಟಲಲ್ಲಿ ಮೀನೇ ಇಲ್ಲದ ಹಾಗೆ ಆಯಿತಲ್ಲ ಅಂತ ಸಂಘದ ಕಾರ್ಯದರ್ಶಿ ಇರ್ವಿನ್ ನಕ್ಕಿದ್ದ.

ಇಷ್ಟೆಲ್ಲ ಕೇಳಿದವರು ಖತೀಜಮ್ಮನನ್ನು ಮಾತ್ರ ಕೇಳಿರಲಿಲ್ಲ. ಕೇಳಿದರೆ ಬೇಸರ ಮಾಡಿಕೊಂಡಾರು ಅಂತ. ಸನ್ಮಾನದ ಸುದ್ದಿ ಎತ್ತಿದ ದಿನ ಖತೀಜಮ್ಮ, ಇದೆಲ್ಲ ನನಗೆ ಬೇಡ ಬಾಯಮ್ಮ, ಅಂದಿದ್ದರು. ಮೂರು ಸಲ ಅಂದಿದ್ದರು. ಆಗ್ನೆಸ್ ಬಾಯಿಗೆ ಅದು ಮರ್ಯಾದೆಯ ಮಾತಾಗಿ ಕೇಳಿಸಿತು. ಮಂಗಳೂರಿನಲ್ಲಿ ಯಾರ ಮನೆಗೆ ಹೋದರೂ ಚಾ ಬೇಡ ಅಂತ ಮೂರು ಸಲ ಹೇಳಿಯೇ ಕುಡಿಯುವುದಲ್ಲವಾ. ಮಗ ಜಾಬಿರ್, ಮೊಬೈಲ್ ಅಂಗಡಿಯವ, ಅಮ್ಮನಿಗೆ ಸನ್ಮಾನ ಅಂತ ಕೇಳಿ ಸಂತೋಷದಲ್ಲಿ ಊರಿಗೆಲ್ಲ ವಾಟ್ಸಾಪ್ ಕಳಿಸಿ ಆಗಿತ್ತು. ಕಲ್ಲಿನ ವಿಷಯ ಮಾತ್ರ ಅಮ್ಮನಿಗೂ ಮಗನಿಗೂ ಯಾರೂ ಹೇಳಿರಲಿಲ್ಲ. ಅದು ಸರ್‌ಪ್ರೈಸ್. ನಿನ್ನೆ ಸಂಜೆ ಮೇಸ್ತ್ರಿ ಮೋನು ಬಂದು ಕಟ್ಟೆಗೆ ಕೂರಿಸಿ, ಮೇಲೆ ಕೆಂಪು ಬಟ್ಟೆ ಇಳಿಬಿಟ್ಟು ಹೋಗಿದ್ದ.

ಆ ಕಲ್ಲಿನಲ್ಲಿ ಬಂಗಾರದ ಬಣ್ಣದಲ್ಲಿ ಎರಡು ಹೆಸರಿತ್ತು. ಮೇಲೆ ದೊಡ್ಡದಾಗಿ 'ಮಹಾದಾನಿ ಶ್ರೀಮತಿ ಖತೀಜಮ್ಮ ರವೂಫ್'. ಕೆಳಗೆ ಸಣ್ಣದಾಗಿ 'ಶ್ರೀಮತಿ ಆಗ್ನೆಸ್ ಮೊಂತೇರೊ, ಅಧ್ಯಕ್ಷೆ'. ಸಣ್ಣದು ಅಂತ ಹೇಳುವುದು ಅಷ್ಟೆ, ಬಟ್ಟೆ ಇಳಿಬಿಡುವ ಮೊದಲು ಆಗ್ನೆಸ್ ಬಾಯಿಗೆ ಅದು ಕನ್ನಡಕ ಇಲ್ಲದೆ ಮನೆ ಬಾಗಿಲಿನಿಂದಲೇ ಓದಲಿಕ್ಕಾಗುತ್ತಿತ್ತು. ಇಷ್ಟು ವರ್ಷ ಕಲ್ಲಿನ ಮೇಲೆ ಅವರಿಗೆ ಅಂತ ಇದ್ದ ಜಾಗ ಒಂದೇ, ಇಗರ್ಜಿಯ ಹಿಂದಿನ ಸಮಾಧಿಯಲ್ಲಿ ಗಂಡ ರಾಫೆಲರ ಹೆಸರಿನ ಕೆಳಗೆ ಖಾಲಿ ಬಿಟ್ಟ ನಾಲ್ಕು ಬೆರಳು. ಬದುಕಿರುವಾಗಲೇ ಇನ್ನೊಂದು ಕಲ್ಲು ಸಿಕ್ಕಿದರೆ ಯಾರಿಗೆ ಬೇಡ.

ಹತ್ತೂವರೆಗೆ ಜನ ಕೂತರು. ಹತ್ತು ಮುಕ್ಕಾಲಿಗೆ ಕಾರ್ಪೊರೇಟರ್ ಕಡೆಯವರು ಫೋನ್ ಮಾಡಿ, ಇನ್ನು ಅರ್ಧ ಗಂಟೆಯಲ್ಲಿ ಬರ್ತಾರೆ, ಮತ್ತೆ ಎರಡು ಕಾರ್ಯಕ್ರಮ ಉಂಟು, ತಡ ಮಾಡಬೇಡಿ ಅಂದರು. ಸ್ಟೇಜಿನ ಮೇಲೆ ಸಿಂಹಾಸನದಂಥ ಕುರ್ಚಿ ಖಾಲಿ ಇತ್ತು. ಖತೀಜಮ್ಮನ ಮನೆ ಅಲ್ಲಿಂದ ಇಪ್ಪತ್ತು ಹೆಜ್ಜೆ, ಆದರೂ ಅವರ ಸುದ್ದಿಯಿಲ್ಲ. ಆಗ್ನೆಸ್ ಬಾಯಿ ಕೂತರು, ಎದ್ದರು, ಗೇಟಿನ ತನಕ ಹೋದರು, ವಾಪಸ್ ಬಂದು ಹಣ್ಣಿನ ಬುಟ್ಟಿಯ ಸೇಬು ತಿರುಗಿಸಿಟ್ಟರು. ನಲವತ್ತು ಕುರ್ಚಿಯನ್ನು ನಾಲ್ಕು ಸಲ ಎಣಿಸಿದರು, ನಾಲ್ಕು ಸಲವೂ ಬೇರೆ ಬೇರೆ ಲೆಕ್ಕ ಬಂತು. ಇರ್ವಿನ್ ಮೈಕಿನಲ್ಲಿ, ಇನ್ನು ಕೆಲವೇ ಕ್ಷಣಗಳಲ್ಲಿ, ಅಂತ ಆರನೇ ಸಲ ಹೇಳುವಾಗ ಜಾಬಿರ್ ಇಸ್ತ್ರಿ ಹಾಕಿದ ಅಂಗಿಯಲ್ಲಿ ಬೆವರುತ್ತಾ ಬಂದ. ಉಮ್ಮ ಬೆಳಿಗ್ಗೆ ಬಾವಿ ಕಡೆಗೆ ಹೋಗಿ ಬಂದವರು ಅಡುಗೆಮನೆಯಲ್ಲಿ ಕೂತಿದ್ದಾರೆ, ಹೊಸ ಸೀರೆ ಉಟ್ಟದ್ದನ್ನು ಬಿಚ್ಚಿಟ್ಟಿದ್ದಾರೆ, ನನ್ನ ಹತ್ತಿರ ಮಾತಾಡುವುದಿಲ್ಲ, ನೀವೇ ಬನ್ನಿ ಆಂಟಿ ಅಂದ.

ಖತೀಜಮ್ಮನಿಗೆ ದೀಪ ಕಂಡಿರಬೇಕು ಅಂತ ಆಗ್ನೆಸ್ ಬಾಯಿಗೆ ಮೊದಲು ಹೊಳೆದದ್ದು. ಚಾದ ಪಾತ್ರೆಯ ಹಿಂದೆ ಇಟ್ಟರೂ ಕಂಡಿತಲ್ಲ ಅಂತ ದೇಯಿಯನ್ನು ಮನಸ್ಸಿನಲ್ಲೇ ಬಯ್ಯುತ್ತಾ ಓಡಿದರು. ಎಪ್ಪತ್ತೊಂದು ವರ್ಷದ ಮಂಡಿ, ರೇಷ್ಮೆ ಸೀರೆ, ಆ ಓಟ ನೋಡಿ ಶಾಮಿಯಾನದ ಅಡಿಯಲ್ಲಿದ್ದವರು ಎಲ್ಲೋ ಬೆಂಕಿ ಬಿದ್ದಿದೆ ಅಂತ ಎದ್ದು ನಿಂತರು.

ಖತೀಜಮ್ಮ ಮಣೆಯ ಮೇಲೆ ಕೂತು ತೆಂಗಿನಕಾಯಿ ತುರಿಯುತ್ತಿದ್ದರು. ದಿನದ ಹಳೆಯ ಸೀರೆ, ತಲೆಯ ಮೇಲೆ ಬಿಳಿ ವಸ್ತ್ರ. ತುರಿದದ್ದು ಎರಡು ಮನೆಗೆ ಸಾಕಾಗುವಷ್ಟಿತ್ತು. ಆಗ್ನೆಸ್ ಬಾಯಿ ಬಾಗಿಲಲ್ಲೇ ಶುರು ಮಾಡಿದರು. ದೀಪ ಬೇಡ ಅಂತ ನಾನು ಹೇಳಿದ್ದೆ, ದೇಯಿ ಕೇಳಲಿಲ್ಲ, ಈಗಲೇ ಅದನ್ನು ಮನೆಗೆ ಕಳಿಸ್ತೇನೆ, ಪೇಟ ಇಲ್ಲ, ಹಾರ ಇಲ್ಲ, ಗಂಡಸರು ಯಾರೂ ಹತ್ತಿರ ಬರುವುದಿಲ್ಲ, ಶಾಲು ನಾನೇ ಹೊದೆಸುವುದು ಅಂತ ಉಸಿರು ಬಿಡದೆ ಹೇಳಿದರು.

ಖತೀಜಮ್ಮ ಕೈ ನಿಲ್ಲಿಸಿದರು.

"ದೇಯಿಯ ದೀಪ ನನಗೆಂತ ಮಾಡ್ತದೆ ಬಾಯಮ್ಮ? ಅವಳು ದೀಪಾವಳಿಗೆ ಕಟ್ಟೆಯ ಮೇಲೆ ಹೂ ಇಡುವುದು ನಾನು ಎಷ್ಟು ವರ್ಷದಿಂದ ನೋಡುವುದಿಲ್ಲವಾ? ನಾನು ಹಚ್ಚುವುದಿಲ್ಲ. ಅವಳು ಹಚ್ಚಲಿ. ಅದನ್ನು ಕೇಳಬೇಕಿದ್ದರೆ ಒಂದು ಮಾತು ನನ್ನನ್ನೇ ಕೇಳಬಹುದಿತ್ತು."

"ಹಾಗಾದರೆ ಮತ್ತೆ ಎಂತದು?"

ಖತೀಜಮ್ಮ ಬಾಗಿಲ ಕಡೆ ನೋಡಿದರು. ಜಾಬಿರ್ ಅಂಗಳದಲ್ಲಿ ಫೋನಿನಲ್ಲಿದ್ದ. ಬಾಗಿಲು ಎಳೆದುಕೊಳ್ಳಿ ಅಂತ ಕಣ್ಣಿನಲ್ಲೇ ಹೇಳಿದರು.

"ಮಗನ ಸಂತೋಷಕ್ಕೆ ಅಂತ ಒಪ್ಪಿದ್ದೆ. ಬೆಳಿಗ್ಗೆ ಬಟ್ಟೆ ಸರಿಸಿ ಕಲ್ಲು ನೋಡಿದೆ," ಅಂದರು.

ಮತ್ತೆ ಅವರು ಹೇಳಿದ್ದು ಸಣ್ಣ ದನಿಯಲ್ಲಿ, ಅಡುಗೆಮನೆಯ ಗೋಡೆಗೂ ಕೇಳದ ಹಾಗೆ. ಅವರ ಮೊದಲ ಮಗಳು ಸುಮಯ್ಯಾ, ಹದಿನಾಲ್ಕು ವರ್ಷದವಳು, ಮೆದುಳು ಜ್ವರದಲ್ಲಿ ಹೋದಳು. ಆಗ್ನೆಸ್ ಬಾಯಿ ಈ ಓಣಿಗೆ ಬರುವ ಮೊದಲಿನ ಮಾತು. ಒಂದು ಹೆಣ್ಣುಮಗು ತೀರಿಹೋಗಿದೆ ಅಂತ ಮಾತ್ರ ಅವರು ಕೇಳಿದ್ದರು. ಆಸ್ಪತ್ರೆಯಲ್ಲಿ ಮಗು ನೀರು ನೀರು ಅನ್ನುತ್ತಿತ್ತಂತೆ, ಬಾಯಿಯಿಂದ ಕೊಡಬಾರದು ಅಂತ ಡಾಕ್ಟರು ಹೇಳಿದ್ದರಂತೆ. ನಲವತ್ತು ದಿನ ಕಳೆದ ಮೇಲೆ ಗಂಡ ಹೆಂಡತಿ ಕೂತು ಒಂದು ನಿಯ್ಯತ್ತು, ಅಂದರೆ ಮನಸ್ಸಿನ ಸಂಕಲ್ಪ, ಮಾಡಿದರು. ಬಾವಿ ಆಗ ಕಂಪೌಂಡಿನ ಒಳಗಿತ್ತು. ರವೂಫ್ ಗೋಡೆ ಒಡೆಸಿ, ಹತ್ತಡಿ ಹಿಂದೆ ಬೇರೆ ಗೋಡೆ ಕಟ್ಟಿಸಿ, ಬಾವಿಯನ್ನು ರಸ್ತೆಗೆ ಬಿಟ್ಟರು. ಕುಡಿದವರ ದಾಹ ತೀರಿಸಿದ ಪುಣ್ಯದ ಕೂಲಿಯೆಲ್ಲ ಮಗಳಿಗೆ ಹೋಗಲಿ ಅಂತ. ಯಾಕೆ ಹೀಗೆ ಮಾಡಿದ್ದು ಅಂತ ಕೇಳಿದವರಿಗೆಲ್ಲ ರವೂಫ್, ಬಾವಿ ಮನೆಗೆ ಹತ್ತಿರ ಇದ್ದರೆ ಸೊಳ್ಳೆ ಜಾಸ್ತಿ, ಅಂದುಬಿಟ್ಟರು. ಸೊಳ್ಳೆಗೆ ಹೆದರಿ ಬಾವಿಯನ್ನೇ ಮನೆಯಿಂದ ಹೊರಗೆ ಹಾಕಿದ ಬ್ಯಾರಿ ಅಂತ ಊರಿಡೀ ನಕ್ಕಿತು. ಅವರು ಸಾಯುವ ತನಕ ಆ ನಗೆಯನ್ನು ಕೇಳಿಕೊಂಡೇ ಇದ್ದರು. ಜಾಬಿರಿಗೂ ಹೇಳಿರಲಿಲ್ಲ.

"ಇಂಥದ್ದನ್ನು ನಾಲ್ಕು ಜನರಿಗೆ ತೋರಿಸಿ ಶಾಲು ಹೊದೆಸಿಕೊಂಡರೆ ಕೂಲಿ ಇಲ್ಲೇ ಸಿಕ್ಕಿಬಿಡ್ತದೆ ಬಾಯಮ್ಮ. ಅಲ್ಲಿಗೆ ಎಂತದೂ ಹೋಗುವುದಿಲ್ಲ. ನಲವತ್ತು ವರ್ಷದಿಂದ ನನ್ನ ಮಗುವಿಗೆ ನೀರು ಹೋಗ್ತಿತ್ತು. ನೀವು ನಿನ್ನೆ ಅದಕ್ಕೆ ಕಲ್ಲು ಕೂರಿಸಿದಿರಿ."

ಬಯ್ದು ಹೇಳಿದ್ದರೆ ಆಗ್ನೆಸ್ ಬಾಯಿಗೆ ತಡೆದುಕೊಳ್ಳಲಿಕ್ಕಾಗುತ್ತಿತ್ತು. ಖತೀಜಮ್ಮ ಬಯ್ಯಲಿಲ್ಲ, ತುರಿಮಣೆಯ ಹಲ್ಲಿಗೆ ಅಂಟಿದ ಕಾಯಿಯನ್ನು ಬೆರಳಲ್ಲಿ ತೆಗೆಯುತ್ತಾ ಹೇಳಿದರು. ಪ್ರತಿ ವರ್ಷ ಬೂದಿ ಬುಧವಾರ ಹಣೆಗೆ ಬೂದಿ ಹಚ್ಚಿಸಿಕೊಳ್ಳುವ ಮೊದಲು ಪಾದ್ರಿಗಳು, ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯದಿರಲಿ ಅಂತ, ಇಂಥದ್ದೇ ಒಂದು ಮಾತು ಓದುತ್ತಾರೆ ಅಂತ ಆಗ್ನೆಸ್ ಬಾಯಿಗೆ ನೆನಪಾಯಿತು. ಅರುವತ್ತು ವರ್ಷ ಕೇಳಿದ್ದರು, ಅರುವತ್ತು ವರ್ಷವೂ ಆ ಹೊತ್ತಿಗೆ ಮುಂದಿನ ಬೆಂಚಿನಲ್ಲಿ ಯಾರು ಯಾವ ಸೀರೆ ಉಟ್ಟಿದ್ದಾರೆ ಅಂತ ನೋಡುತ್ತಿದ್ದರು.

ಹೊರಗೆ ಇರ್ವಿನ್‌ನ ಮೈಕ್ ಮಾತಾಡುತ್ತಿತ್ತು. ಖತೀಜಮ್ಮ ಎದ್ದರು. ನಾನೇ ಬಂದು, ನನಗೆ ಸನ್ಮಾನ ಬೇಡ ಅಂತ ಎಲ್ಲರ ಎದುರು ಹೇಳ್ತೇನೆ, ನಿಮಗೆ ಮಾತು ಬರುವುದು ಬೇಡ ಅಂದರು. ಆಗ್ನೆಸ್ ಬಾಯಿ ಅವರ ಎರಡೂ ಹೆಗಲು ಹಿಡಿದು ಪುನಃ ಮಣೆಯ ಮೇಲೆ ಕೂರಿಸಿದರು. ಓಣಿಯ ಬಾಯಿಗಳು ಅವರಿಗೆ ಗೊತ್ತಿದ್ದವು, ಅದರಲ್ಲಿ ದೊಡ್ಡದು ಅವರದ್ದೇ. ಖತೀಜಮ್ಮ ಬೇಡ ಅಂದರು ಅಂತ ಒಬ್ಬ ಹೇಳಿದರೆ ಸಾಕು, ಬ್ಯಾರಿಗಳಿಗೆ ನಮ್ಮ ಮರ್ಯಾದೆ ಬೇಡವಂತೆ ಅಂತ ಮಧ್ಯಾಹ್ನದ ಊಟಕ್ಕೆ ಮೊದಲು ಸುರತ್ಕಲ್ ತನಕ ವಾಟ್ಸಾಪ್ ಓಡುತ್ತದೆ. ಆಮೇಲೆ ಅದಕ್ಕೆ ಕೋಡು ಬಾಲ ಹುಟ್ಟುತ್ತದೆ. ಯಾಕೆ ಬೇಡ ಅಂತ ಹೇಳಿದರೆ ಬಾಯಿ ಮುಚ್ಚೀತು, ಆದರೆ ಹೇಳಿದರೆ ಗುಟ್ಟನ್ನು ಊರಿಗೇ ಹೇಳಿದ ಹಾಗೆ ಆಯಿತಲ್ಲ.

"ನೀವು ಹೊರಗೆ ಬರಬೇಡಿ. ಯಾರಿಗೂ ಎಂತದೂ ಹೇಳಬೇಡಿ, ಜಾಬಿರಿಗೂ. ಕಲ್ಲು ಕೂರಿಸಿದವಳು ನಾನು."

ಅಷ್ಟು ಹೇಳಿ ಹೊರಗೆ ಬಂದರು. ತೆಂಗಿನ ಬುಡದಲ್ಲಿ ಒರಗಿಸಿದ್ದ ಹಾರೆ ಕಣ್ಣಿಗೆ ಬಿತ್ತು. ಅದನ್ನು ಎತ್ತಿಕೊಂಡು, ಅಂಗಳದ ಆ ಬದಿಯಲ್ಲಿ ಫೋನಿನಲ್ಲೇ ಇದ್ದ ಜಾಬಿರಿಗೆ ಕಾಣದ ಹಾಗೆ ಸೆರಗಿನ ಮರೆಯಲ್ಲಿ ಹಿಡಿದು ಗೇಟು ದಾಟಿದರು. ಐದಡಿ ಹಾರೆ ಯಾವ ಸೆರಗಿನ ಮರೆಯಲ್ಲಿ ಅಡಗುತ್ತದೆ? ಬಾವಿಯ ಹತ್ತಿರ ಹೋಗಿ, ಇಳಿಬಿಟ್ಟ ಕೆಂಪು ಬಟ್ಟೆಯ ಒಳಗೆ ತಲೆ ತೂರಿಸಿದರು. ಶಾಮಿಯಾನದಲ್ಲಿ ಕೂತವರಿಗೆ ಕಂಡದ್ದು ಅಧ್ಯಕ್ಷೆಯ ಹಿಂಭಾಗ ಮಾತ್ರ. ಫೋಟೋ ತೆಗೆಯಲು ಬಂದವನು ಇದೂ ಕಾರ್ಯಕ್ರಮದಲ್ಲಿ ಉಂಟು ಅಂತ ತಿಳಿದು ಎರಡು ಫೋಟೋ ಹೊಡೆದ.

ಸಿಮೆಂಟು ಮೇಲಿಂದ ಒಣಗಿ ಒಳಗೆ ಇನ್ನೂ ಹಸಿ ಇತ್ತು. ಆಗ್ನೆಸ್ ಬಾಯಿ ಹಾರೆಯ ತುದಿಯನ್ನು ಕಲ್ಲಿನ ಸಂದಿಗೆ ಕೊಟ್ಟು ಮೈಭಾರ ಹಾಕಿದರು. ಕದಲಲಿಲ್ಲ. ಮೂವತ್ತು ವರ್ಷ ಸರಕಾರಿ ಆಸ್ಪತ್ರೆಯಲ್ಲಿ ನರ್ಸಾಗಿ ಆನೆಯಂಥ ರೋಗಿಗಳನ್ನು ಹಾಸಿಗೆಯಲ್ಲಿ ಮಗುಚಿ ಹಾಕಿದ ಕೈ ಅದು. ಇನ್ನೊಮ್ಮೆ ಹಾಕಿದರು. ಮೂಲೆ ಚಟ್ ಅಂದಿತು. ಬಂಗಾರದ ಬಣ್ಣದ ತಮ್ಮ ಹೆಸರು ಮೂಗಿನಿಂದ ಒಂದು ಗೇಣು ದೂರದಲ್ಲಿತ್ತು. ಅದನ್ನು ಒಂದು ಗಳಿಗೆ ನೋಡಿದರು, ಸುಳ್ಳು ಯಾಕೆ, ಎರಡು ಗಳಿಗೆ ನೋಡಿದರು. ಮೂರನೇ ಸಲಕ್ಕೆ ಕಲ್ಲು ಕಿತ್ತು ಬಂದು ಅವರ ಕಾಲ ಬೆರಳಿನ ಮೇಲೆಯೇ ಕೂತಿತು. ಬಾಯಿಯಿಂದ ಬಂದ ಕೊಂಕಣಿ ಮಾತು ಇಗರ್ಜಿಯ ಹೆಂಗಸರು ಆಡುವಂಥದ್ದಲ್ಲ.

ಸರಿಯಾಗಿ ಅದೇ ಹೊತ್ತಿಗೆ ಕಾರ್ಪೊರೇಟರ ಕಾರು ಬಂತು.

ಆಗ್ನೆಸ್ ಬಾಯಿ ಬಟ್ಟೆಯನ್ನೂ ಎಳೆದು ಕಲ್ಲಿಗೆ ಸುತ್ತಿ, ಅದನ್ನು ಎತ್ತಲಾರದೆ, ಅದರ ಮೇಲೆಯೇ ಕೂತರು. ಕಾವು ಕೂತ ಕೋಳಿಯನ್ನು ಏಳಿಸಬಹುದು, ಅವರನ್ನು ಏಳಿಸಲು ಆಗಲಿಲ್ಲ. ಸೀರೆಯ ತುಂಬ ಸಿಮೆಂಟು, ಹಣೆಯ ಮೇಲೆ ಕೂದಲು, ಕೈಯಲ್ಲಿ ಹಾರೆ. ಇರ್ವಿನ್ ಮೈಕ್ ಕೈಯಲ್ಲಿ ಹಿಡಿದೇ ಓಡಿ ಬಂದ. ಎಂತದು ಆಂಟಿ ಇದು ಅಂತ ಅವನು ಕೇಳಿದ್ದು ಇಡೀ ಓಣಿಗೆ ಲೌಡ್‌ಸ್ಪೀಕರಿನಲ್ಲಿ ಕೇಳಿಸಿತು.

"ಕಲ್ಲು ತೆಗೆದೆ," ಅಂದರು ಆಗ್ನೆಸ್ ಬಾಯಿ. "ನನಗೆ ಚಂದ ಕಾಣಲಿಲ್ಲ."

ಅದೂ ಲೌಡ್‌ಸ್ಪೀಕರಿನಲ್ಲಿ ಕೇಳಿಸಿತು.

ಸನ್ಮಾನ ಅಂತ ಕೇಳಿದ. ಸನ್ಮಾನ ಇಲ್ಲ. ಖತೀಜಮ್ಮ ಅಂತ ಕೇಳಿದ. ಅವರು ಬರುವುದಿಲ್ಲ, ನಾನೇ ಬೇಡ ಅಂತ ಹೇಳಿ ಬಂದೆ. ಶಾಲನ್ನು ಜಾಬಿರಿಗಾದರೂ ಹೊದೆಸೋಣ ಅಂದರೆ ಅದಕ್ಕೂ ಬೇಡ. ಕಾರ್ಪೊರೇಟರು ಕಾರಿನಿಂದ ಇಳಿದು, ಬಾವಿ ಒಂದು ಕಡೆ, ಬಾವಿಯ ಬುಡದಲ್ಲಿ ಹಾರೆ ಹಿಡಿದು ಕೂತ ಅಧ್ಯಕ್ಷೆ ಒಂದು ಕಡೆ ಇರುವುದನ್ನು ನೋಡಿ, ನಾನು ಉದ್ಘಾಟನೆ ಮಾಡಬೇಕಾದದ್ದು ಯಾವುದನ್ನು ಅಂತ ತಗ್ಗಿದ ದನಿಯಲ್ಲಿ ವಿಚಾರಿಸಿದರು.

ಆಗ್ನೆಸ್ ಬಾಯಿಗೆ ಹೊಳೆದದ್ದು ದೀಪ. ದೇಯಿಯನ್ನು ಕೂಗಿದರು. ದೀಪ ತಾ ದೇಯಿ, ನೀನೇ ಹಚ್ಚು, ಬಾವಿಗೆ ಒಂದು ದೀಪ ಹಚ್ಚಿದ ಹಾಗಾಗಲಿ ಅಂದರು. ಮೂರು ದಿನದಿಂದ ಅವಳು ಕಾದದ್ದು ಇದಕ್ಕೇ ಅಲ್ಲವಾ.

ದೇಯಿ ಚಾದ ಪಾತ್ರೆಯ ಹಿಂದೆ ಹೋದಳು. ಬೈರಾಸು ತೆಗೆದು ಮಡಚಿ ಹೆಗಲಿಗೆ ಹಾಕಿದಳು. ದೀಪವನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ನೇರ ಆಗ್ನೆಸ್ ಬಾಯಿಯ ಎದುರು ಬಂದು ನಿಂತಳು.

"ಖತೀಜಮ್ಮನಿಗೆ ಮರ್ಯಾದೆ ಇಲ್ಲದ ಜಾಗದಲ್ಲಿ ನನ್ನ ದೀಪ ಉರಿಯುವುದಿಲ್ಲ ಬಾಯಮ್ಮ."

ಹಾಗಂದು ದೀಪ ಹೊತ್ತುಕೊಂಡು ಮನೆಗೆ ನಡೆದಳು. ಅವಳ ಹಿಂದೆಯೇ ನಾಲ್ಕು ಹೆಂಗಸರು ಎದ್ದರು. ಜಾಬಿರ್ ಗೇಟಿನ ಹತ್ತಿರ ನಿಂತಿದ್ದವನು, ಮೊದಲೇ ಹೇಳಬಹುದಿತ್ತು ಆಂಟಿ, ನಾವೇನು ಕೇಳಿಕೊಂಡು ಬಂದವರಲ್ಲ ಅಂತ ಮಾತ್ರ ಹೇಳಿ ಒಳಗೆ ಹೋಗಿ ಗೇಟು ಎಳೆದುಕೊಂಡ. ಕಾರ್ಪೊರೇಟರು ನೀರು ಉಳಿಸುವ ಬಗ್ಗೆ ಎರಡು ನಿಮಿಷ ಮಾತಾಡಿ, ಅರ್ಧ ಗೋಳಿಬಜೆ ತಿಂದು, ಗಲಿಬಿಲಿಯಲ್ಲಿ ಯಾರೋ ಕೈಗೆ ಕೊಟ್ಟ ಹಣ್ಣಿನ ಬುಟ್ಟಿ ಹಿಡಿದುಕೊಂಡು ಹೋದರು. ಬಾಂಗಿಗೆ ಇನ್ನೂ ಮುಕ್ಕಾಲು ಗಂಟೆ ಇತ್ತು.

ಸಂಜೆಯ ಒಳಗೆ ಓಣಿ ತೀರ್ಪು ಕೊಟ್ಟಾಗಿತ್ತು. ಹೊಟ್ಟೆಕಿಚ್ಚು. ಕಲ್ಲಿನಲ್ಲಿ ಖತೀಜಮ್ಮನ ಹೆಸರು ದೊಡ್ಡದು, ತನ್ನದು ಸಣ್ಣದು, ಅದಕ್ಕೆ ಕಿತ್ತು ಹಾಕಿದಳು. ಫೋಟೋದವನು ತೆಗೆದ ಆ ಎರಡು ಫೋಟೋ ಮೆಲಿಸಾಳ ಕಾಲೇಜಿನ ಗುಂಪಿಗೂ ಬಂದು, ಅವಳು ಅಜ್ಜಿಯ ಹತ್ತಿರ ಎರಡು ದಿನ ಮಾತು ಬಿಟ್ಟಳು. ಇರ್ವಿನ್ ಸಂಘದ ಸಭೆ ಕರೆದ, ಅಧ್ಯಕ್ಷೆ ಕಾರಣ ಹೇಳಬೇಕು ಅಂದ. ಆಗ್ನೆಸ್ ಬಾಯಿ ಪ್ರಾಯ ಆಯಿತು, ಅಧ್ಯಕ್ಷತೆ ಬೇರೆಯವರು ನೋಡಿಕೊಳ್ಳಿ ಅಂದು ರಿಜಿಸ್ಟರ್ ಮೇಜಿನ ಮೇಲಿಟ್ಟು ಬಂದರು.

ಹೋದದ್ದು ಹೋಗಲಿ, ಕಷ್ಟ ಆದದ್ದು ನಾಲಿಗೆಗೆ. ಆ ನಾಲಿಗೆಯಲ್ಲಿ ಇಷ್ಟರ ತನಕ ಒಂದು ಸುದ್ದಿ ಒಂದು ರಾತ್ರಿ ಮಲಗಿದ್ದಿಲ್ಲ. ಕಾವೂರಿನಲ್ಲಿ ಅವರ ಕಿವಿಗೆ ಬಿದ್ದದ್ದು ಬಸ್ಸಿಗಿಂತ ಮೊದಲು ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿಗೆ ಮುಟ್ಟುತ್ತಿತ್ತು. ಈಗ ನೋಡಿದರೆ ಹಗಲಿಡೀ ಮನೆಯೊಳಗೆ ಸುತ್ತು ಹಾಕುತ್ತಾರೆ. ಗ್ಯಾಸಿನ ಮೇಲೆ ಹಾಲಿಟ್ಟು ಅಂಗಳಕ್ಕೆ ಬರುತ್ತಾರೆ, ಹಾಲು ಉಕ್ಕಿದ ಮೇಲೆ ಒಳಗೆ ಹೋಗುತ್ತಾರೆ. ರಾಫೆಲರ ಫೋಟೋದ ಎದುರು ನಿಂತು ಬಾಯಿ ತೆರೆದರು ಒಂದು ದಿನ. ಸತ್ತವರಿಗೆ ಹೇಳಿದರೂ ಹೇಳಿದ ಹಾಗೆಯೇ ಅಂತ ಕಂಡು ಮುಚ್ಚಿದರು. ಪಾಪನಿವೇದನೆಗೆ ಹೋಗಿ ಪಾದ್ರಿಗಳ ಕಿವಿಗೆ ಹಾಕಿದರೆ ಹೇಗೆ ಅಂತಲೂ ಕಂಡಿತು. ಹೋದರು, ಸಾಲಿನಲ್ಲಿ ನಿಂತರು, ತಮ್ಮ ಸರದಿ ಬಂದಾಗ ನೆರೆಮನೆಯವಳ ಕೋಳಿಗೆ ಕಲ್ಲು ಹೊಡೆದದ್ದನ್ನು ಮಾತ್ರ ಹೇಳಿ ಎದ್ದು ಬಂದರು.

ಖತೀಜಮ್ಮನನ್ನು ನೋಡಲು ಹೋಗಲಿಲ್ಲ. ಹೋದರೆ ಜಾಬಿರ್ ಎದುರು ಸಿಗುತ್ತಾನೆ. ಖತೀಜಮ್ಮನೂ ಬರಲಿಲ್ಲ. ಒಂದೆರಡು ಸಲ ಗೋಡೆಯ ಆಚೆಯಿಂದ ಬಿಳಿ ತಲೆವಸ್ತ್ರ ಕಂಡಿತು, ಇವರು ಈಚೆಯಿಂದ ನೋಡಿದರು, ಇಬ್ಬರೂ ತಮ್ಮ ತಮ್ಮ ಕೆಲಸಕ್ಕೆ ಹೋದರು.

ಎಂಟನೇ ದಿನ ನಳ್ಳಿ ಪೂರ್ತಿ ನಿಂತಿತು. ಆಗ್ನೆಸ್ ಬಾಯಿ ಇಷ್ಟು ದಿನ ಟ್ಯಾಂಕಿನ ನೀರಿನಲ್ಲಿ ಹೇಗೋ ಸುಧಾರಿಸಿದ್ದರು, ಅದೂ ಮುಗಿಯಿತು. ಹೆಂಗಸರೆಲ್ಲ ಬೆಳಿಗ್ಗೆ ಬರುತ್ತಾರೆ ಅಂತ ಬಿಸಿಲು ಏರಿದ ಮೇಲೆ, ಹತ್ತು ಗಂಟೆಗೆ ಕೊಡಪಾನ ಹಿಡಿದು ಹೊರಟರು. ಬಾವಿಯ ಹತ್ತಿರ ಯಾರೂ ಇರಲಿಲ್ಲ. ಹಗ್ಗ ಬಿಟ್ಟರು. ಬಿಂದಿಗೆ ಕೆಳಗೆ ಹೋಗಿ ನೀರಿಗೆ ಬಿದ್ದ ಸದ್ದು ಕೇಳುವಾಗ ಹಿಂದಿನಿಂದ ಚಪ್ಪಲಿಯ ಸದ್ದೂ ಕೇಳಿತು. ದೇಯಿ. ಅವಳೂ ಇದೇ ಹೊತ್ತು ನೋಡಿ ಬಂದದ್ದು, ಬೇರೆ ಯಾರಿಗಲ್ಲ, ಆಗ್ನೆಸ್ ಬಾಯಿಗೆ ಎದುರಾಗಬಾರದು ಅಂತಲೇ.

ವಾಪಸ್ ಹೋಗುವುದಾ ನಿಲ್ಲುವುದಾ ಅಂತ ದೇಯಿ ಒಂದು ಕಾಲು ಮುಂದೆ ಒಂದು ಕಾಲು ಹಿಂದೆ ಇಟ್ಟು ನಿಂತಳು. ಕಡೆಗೆ ಕೊಡಪಾನವನ್ನು ಕಟ್ಟೆಯ ಆಚೆ ತುದಿಯಲ್ಲಿ, ಇನ್ನೂ ದೂರ ಇಟ್ಟರೆ ರಸ್ತೆಗೇ ಬೀಳುತ್ತದೆ ಅನ್ನುವಷ್ಟು ದೂರ ಇಟ್ಟ ಮೇಲೆ ಬಾಯಿ ಬಿಟ್ಟಳು.

"ಒಂದು ಮಾತು ಹೇಳಿಬಿಡಿ ಬಾಯಮ್ಮ. ನಿಮ್ಮನ್ನು ಮೂವತ್ತು ವರ್ಷದಿಂದ ಕಂಡವಳು ನಾನು. ಜನ ಹೇಳುವುದು ಹೌದಾ?"

ಆಗ್ನೆಸ್ ಬಾಯಿ ಹಗ್ಗ ಎಳೆಯುತ್ತಿದ್ದರು. ಮಾತು ಹೊಟ್ಟೆಯಿಂದ ಎದ್ದು ಗಂಟಲು ದಾಟಿ ಹಲ್ಲಿನ ಹಿಂದೆ ಬಂದು ನಿಂತಿತು. ಹೇಳಿದರೆ ದೇಯಿ ಈಗಲೇ ಅತ್ತುಬಿಡುತ್ತಾಳೆ, ನಾಳೆ ಇಡೀ ಓಣಿ ಬಂದು ತಮ್ಮ ಕೈ ಹಿಡಿಯುತ್ತದೆ. ಗೋಡೆಯ ಒಳಗೆ ಯಾರೋ ಅಂಗಳ ಗುಡಿಸುತ್ತಿದ್ದ ಸದ್ದು ಬರುತ್ತಿತ್ತು. ಆ ಸದ್ದು ನಿಂತಿತು.

"ಹೌದು ಅಂತ ಇಟ್ಟುಕೋ," ಅಂದರು ಆಗ್ನೆಸ್ ಬಾಯಿ.

ಬಿಂದಿಗೆ ಮೇಲೆ ಬಂತು. ತಮ್ಮ ಕೊಡಪಾನ ಹತ್ತಿರವೇ ಇದ್ದರೂ ಕಟ್ಟೆಯ ಆಚೆ ತುದಿಗೆ ನಡೆದು ದೇಯಿಯ ಕೊಡಪಾನಕ್ಕೆ ಸುರಿದರು. ಇನ್ನೊಮ್ಮೆ ಹಗ್ಗ ಬಿಟ್ಟು, ಎಳೆದು, ಕಂಠದ ತನಕ ತುಂಬಿಸಿದರು. ದೇಯಿ ಹೊಟ್ಟೆಗೆ ಹಾಕಿಕೊಳ್ಳಲಾಗದೆ, ಬಿಟ್ಟುಬಿಡಲೂ ಆಗದೆ, ಮುಖ ಆಚೆ ತಿರುಗಿಸಿ ಕೊಡಪಾನವನ್ನು ಸೊಂಟಕ್ಕೆ ಏರಿಸಿದಳು. ಗೋಡೆಯ ಒಳಗೆ ಹಿಡಿಸೂಡಿಯ ಸದ್ದು ಪುನಃ ಶುರುವಾಯಿತು.

ದೇಯಿ ಬೇಗ ಬೇಗ ನಡೆದಳು. ತುಂಬಿದ ಕೊಡಪಾನ ತುಳುಕಿ ತುಳುಕಿ ಕಾಂಕ್ರೀಟು ರಸ್ತೆಯ ಮೇಲೆ ಅವಳ ಮನೆಯ ಮೆಟ್ಟಿಲ ತನಕ ಒಂದು ಗೆರೆ ಬಿದ್ದಿತು. ಬಿಸಿಲಿಗೆ ಅದು ಬಾವಿಯ ಕಡೆಯಿಂದ ಒಣಗುತ್ತಾ ಹೋಯಿತು.